ಕೆಮ್ಮಿ ಹೋಗು

ಬಾಗಿಲ ಹೊರಗೆ ಯಾರಾದರೂ ಕೆಮ್ಮಿದರೆ ಸಾಕು, ಹೈದರಾಬಾದಿನ ನಾಚಾರಂನ ನಮ್ಮ ಹಳೆಯ ಚಾಳಿನ ಹಿತ್ತಲು ಕಣ್ಣೆದುರು ಬರುತ್ತದೆ. ಫಿನಾಯಿಲ್ ವಾಸನೆ, ಒದ್ದೆ ಸಿಮೆಂಟು, ಪಕ್ಕದ ಕಾರ್ಖಾನೆಯ ಸುಟ್ಟ ರಬ್ಬರಿನ ಘಾಟು, ಮತ್ತು ಚಿಲಕವಿಲ್ಲದ ಆ ತಗಡಿನ ಬಾಗಿಲು. ನಾಲ್ಕು ಮನೆಗಳಿಗೆ ಅದೊಂದೇ ಸಂಡಾಸ. ನಾವು ವಿಜಯಪುರದ ಕಡೆಯವರು, ಎದುರಿಗೆ ಎರಡು ಮನೆ ತೆಲುಗರು, ಮೂಲೆಯಲ್ಲಿ ಟೇಲರ್ ಚಾಚಾನ ಮನೆ. ಹೋಗುವವರು ಹೊರಗೆ ನಿಂತು ಕೆಮ್ಮಬೇಕು, ಒಳಗಿದ್ದವರು ತಿರುಗಿ ಕೆಮ್ಮಬೇಕು. ಇಷ್ಟೇ ಕಾನೂನು. ಗಂಡೋ ಹೆಣ್ಣೋ ಎಂದು ಯಾರೂ ಕೇಳಿದವರಲ್ಲ. "ತಮ್ಮಾ, ಕೆಮ್ಮಿ ಹೋಗು" ಎಂದು ಅಪ್ಪನ ತಾಯಿ, ನಮ್ಮ ಆಯಿ, ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದಳು. ಗಂಡುಮಗುವೆಂದು ಬರೆಸಿಕೊಂಡು ಹುಟ್ಟಿದ ನಾನು ಮನೆಯವರಿಗೆಲ್ಲ ತಮ್ಮ. ಅಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು.

ಶಾಲೆಯಲ್ಲಿ ಮಾತ್ರ ಎರಡು ಬಾಗಿಲು. ಒಂದರ ಮೇಲೆ ಟೋಪಿಯ ಹುಡುಗ, ಇನ್ನೊಂದರ ಮೇಲೆ ಎರಡು ಜಡೆಯ ಹುಡುಗಿ. ಹುಡುಗರ ಕಡೆ ಹೋದರೆ ಗೋಡೆ ಹತ್ತಿ ಹಣಕುತ್ತಿದ್ದರು. ಹುಡುಗಿಯರ ಕಡೆ ಹೋದ ಒಂದೇ ದಿನ ಟೀಚರಮ್ಮ ಕಿವಿ ಹಿಡಿದು ಹೊರಗೆಳೆದರು. ಏನು ಮಾಡಬೇಕಿತ್ತು ಹೇಳಿ? ನೀರು ಕುಡಿಯುವುದನ್ನೇ ಬಿಟ್ಟೆ. ಆಯಿ ಬೆಳಿಗ್ಗೆ ತುಂಬಿಕೊಟ್ಟ ಬಾಟಲಿ ಸಂಜೆ ಹಾಗೇ ಮನೆಗೆ ಬರುತ್ತಿತ್ತು. ಹತ್ತನೆಯ ಇಯತ್ತೆಯಲ್ಲಿ ಉರಿಮೂತ್ರ, ಚಳಿಜ್ವರ ಹಿಡಿದು ಮಲಗಿದೆ. ಮತ್ತೆ ಹೀಗಾದರೆ ಕಿಡ್ನಿಗೆ ಪೆಟ್ಟು ಎಂದರು ಡಾಕ್ಟರು. ಆಗ ಆಯಿಗೆ ಎಲ್ಲವನ್ನೂ ಹೇಳಿದೆ, ತಮ್ಮನಲ್ಲ ಎನ್ನುವುದನ್ನೂ. ಆಯಿ ಎದ್ದು ಒಳ್ಳೆಯ ಸೀರೆ ಉಟ್ಟಳು. "ನಡಿ, ಸಾಲಿಗೆ ಹೋಗೂಣು" ಎಂದಳು.

ಮೂವತ್ತು ವರ್ಷ ಹೈದರಾಬಾದಿನಲ್ಲಿದ್ದರೂ ಸಿಟ್ಟು ಬಂದರೆ ಆಯಿಗೆ ಕನ್ನಡವೊಂದೇ. ಹೆಡ್‌ಮಾಸ್ತರರಿಗೆ ಅದು ಬಾರದು. ನನ್ನ ಸಂಕಟವನ್ನು ನಾನೇ ತೆಲುಗಿಗೆ ತಿರುಗಿಸಬೇಕು, ಎಂಥ ಕರ್ಮ!

"ನಮ್ಮ ಚಾಳಿನಾಗ ಹದಿನೆಂಟು ಮಂದಿಗೆ ಒಂದ ಸಂಡಾಸ ಐತ್ರಿ. ಕೆಮ್ಮಿದ್ರ ಮುಗೀತು. ನಿಮ್ಮ ಸಾಲ್ಯಾಗ ಯಾರಿಗೂ ಕೆಮ್ಮಾಕ ಬರಂಗಿಲ್ಲೇನ್ರಿ?"

ತೆಲುಗಿನಲ್ಲಿ ಹೇಳುವಾಗ ನಾಚಿಕೆಗೆ ಸಂಡಾಸ ಎಂಬ ಮಾತನ್ನು ನುಂಗಿಬಿಟ್ಟೆ. ಕೆಮ್ಮು ಮಾತ್ರ ಬಾಯಿಂದ ಹೊರಬಿತ್ತು. ಮಾಸ್ತರರ ಮುಖ ಕರಗಿತು. "ಅಯ್ಯೋ ಪಾಪಂ, ದಗ್ಗಾ? ಡಾಕ್ಟರ್‌ಕಿ ಚೂಪಿಂಚಂಡಿ!" ಮುದುಕಿಗೆ ಕೆಮ್ಮಂತೆ, ಡಾಕ್ಟರಿಗೆ ತೋರಿಸಬೇಕಂತೆ! ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಇನ್ನೊಮ್ಮೆ ಬಿಡಿಸಿ ಹೇಳಿದ ಮೇಲೆ ಸಿಕ್ಕಿದ್ದು ಮಾಸ್ತರರ ಪಾಯಖಾನೆಯ ಕೀಲಿಕೈ, ಅದೂ ಅವರ ಕಪಾಟಿನಲ್ಲೇ ಇರುವುದು. ಪ್ರತಿ ಸಲ ಸ್ಟಾಫ್ ರೂಮಿನವರೆಲ್ಲರ ಎದುರು ಕೈಚಾಚಬೇಕು. ಹೆಡ್‌ಮಾಸ್ತರರು ರಜೆ ಹಾಕಿದ ದಿನ ಕೀಲಿಕೈಗೂ ರಜೆ. ನನ್ನ ಮೂತ್ರಕ್ಕೆ ರಜೆ ಯಾರು ಕೊಡಬೇಕು? ಎರಡು ತಿಂಗಳು ಹೀಗೆ ಬೇಡಿ, ಸಾಕಾಗಿ ಶಾಲೆ ಬಿಟ್ಟೆ. ಓದಿನಲ್ಲಿ ಕ್ಲಾಸಿಗೆ ಮುಂದಿದ್ದವಳು ನಾನು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಆದರೆ ಆಯಿ ಶಾಲೆಗೆ ಬಂದಿದ್ದ ಆ ದಿನ ಗೇಟು ದಾಟಿದ ಮೇಲೆ ಆಯಿ ನನ್ನ ಚೀಲದಿಂದ ಬಾಟಲಿ ತೆಗೆದು ಕೈಗಿತ್ತಳು. "ಕುಡಿ ತಂಗಿ, ಮನಿ ಹತ್ರನ ಐತಿ" ಎಂದಳು. ತಮ್ಮಾ ಎನ್ನಲಿಲ್ಲ. ಆ ಉರಿಬಿಸಿಲಿನಲ್ಲಿ ನಿಂತು, ಅಳುತ್ತಾ, ಇಡೀ ಬಾಟಲಿ ಕುಡಿದೆ. ಅಲ್ಲಿಂದ ಮುಂದೆ ನಾನು ಆಕೆಗೆ ತಂಗಿಯೇ. ಕೊನೆಗಾಲದಲ್ಲಿ ಒಳಗಿನಿಂದ ಕೆಮ್ಮಲೂ ತ್ರಾಣವಿಲ್ಲದಾದಾಗ "ಒಳಗ ಅದೀನಿ ತಂಗಿ" ಎಂದು ಸಣ್ಣಗೆ ಅನ್ನುತ್ತಿದ್ದಳು.

ಚಾಳನ್ನು ಕೆಡವಿ ಈಗ ಅಲ್ಲಿ ಗೋದಾಮು ಎಬ್ಬಿಸಿದ್ದಾರೆ. ನನ್ನ ಬಾಡಿಗೆ ಮನೆಯ ಬಚ್ಚಲಿಗೆ ಗಟ್ಟಿ ಚಿಲಕವಿದೆ, ಇರುವವಳು ನಾನೊಬ್ಬಳೇ. ಆದರೂ ಬಾಗಿಲು ತೆಗೆಯುವ ಮೊದಲು ಒಮ್ಮೆ ಕೆಮ್ಮುತ್ತೇನೆ. ಕೆಮ್ಮಿ, ಸ್ವಲ್ಪ ಹೊತ್ತು ನಿಲ್ಲುತ್ತೇನೆ.