ಮಹಾನಂದಾ ಅಕ್ಕೋರು ಗೋಡೆ ಏರಿದ್ದು

ಮಿಶ್ರಿಕೋಟಿಯ ಮಹಾನಂದಾಳ ಬಲಗೈ ಒಂದು ಶ್ರಾವಣದಲ್ಲಿ ಮುಷ್ಕರ ಹೂಡಿತು. ಹೆಗಲ ಮಟ್ಟದವರೆಗೆ ಏಳುತ್ತಿತ್ತು, ಅದರ ಮೇಲೆ ಒಂದು ಬೆರಳಷ್ಟು ಏರೆಂದರೂ ಏರುತ್ತಿರಲಿಲ್ಲ. ದುಮ್ಮವಾಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಆಕೆ ಲೆಕ್ಕವನ್ನೆಲ್ಲ ಬೋರ್ಡಿನ ಕೆಳಗಿನ ಅರ್ಧದಲ್ಲೇ ತುರುಕುವಂತಾಯಿತು. ಹಿಂದಿನ ಬೆಂಚಿನವರು ಎದ್ದು ನಿಂತು ಕತ್ತು ಚಾಚಿ ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಹೆರಳು ಹಾಕಿಕೊಳ್ಳಲೂ ಅತ್ತೆ ಮಹಾದೇವಕ್ಕನ ಕೈಯೇ ಬೇಕು. ಮಹಾದೇವಕ್ಕ ಹೆರಳು ಹಾಕಿದರೆ ಹುಬ್ಬು ಕೂಡ ಹಿಂದಕ್ಕೆ ಜಗ್ಗುವಷ್ಟು ಬಿಗಿ.

ಹುಬ್ಬಳ್ಳಿಯ ಡಾಕ್ಟರು ಭುಜ ಬಿಗಿದುಕೊಂಡಿದೆ ಎಂದರು. ಔಷಧಕ್ಕಿಂತ ವ್ಯಾಯಾಮವೇ ಮುಖ್ಯ, ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹರಿದ ಹಾಗೆ ನಡೆಸುತ್ತ ಕೈಯನ್ನು ಮೇಲಕ್ಕೆ ಒಯ್ಯಬೇಕು, ಬೆಳಿಗ್ಗೆ ಸಂಜೆ ಬಿಡದೆ ಮಾಡಬೇಕು ಎಂದು ಹೇಳಿ ಕಳಿಸಿದರು. ಮಹಾನಂದಾ ಮಾಡಿದಳು. ಆದರೆ ಬರೀ ಸುಣ್ಣದ ಗೋಡೆಯನ್ನು ನೋಡುತ್ತ ನಿಲ್ಲುವುದು ಆಕೆಯ ಜಾಯಮಾನಕ್ಕೆ ಒಗ್ಗುವಂಥದ್ದಲ್ಲ. ಒಂದು ವಾರದಲ್ಲಿ ಗೋಡೆಯ ಮೇಲಿನ ಬಿರುಕುಗಳೆಲ್ಲ ಬಾಯಿಪಾಠವಾದವು. ಆಮೇಲೆ ಬಿಟ್ಟೇಬಿಟ್ಟಳು.

ಆ ಚಳಿಗಾಲದಲ್ಲಿ ಶಿಕ್ಷಕರ ತರಬೇತಿಗೆಂದು ಧಾರವಾಡಕ್ಕೆ ಹೋದಾಗ, ತರಬೇತಿ ನಡೆದ ಕಾಲೇಜಿನ ಅಂಗಳದಲ್ಲಿ ಹುಡುಗರು ಹತ್ತಲು ಕಟ್ಟಿದ ಒಂದು ಗೋಡೆ ಕಂಡಿತು. ಅದರ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಕೆಗಳು. ಒಬ್ಬ ಹುಡುಗಿ, ಮೈತ್ರೇಯಿ ಅಂತ, ಹಗ್ಗ ಸುತ್ತಿಡುತ್ತಿದ್ದವಳು ಈಕೆಯನ್ನು ನೋಡಿ ನಕ್ಕಳು.

"ಮೇಡಂ, ಹತ್ತತೀರೇನು?"

"ಹತ್ತೂದ ಎಲ್ಲಿ ಬಂತವ್ವಾ, ನನ್ನ ಕೈನ ಏಳೂದಿಲ್ಲ."

"ಸುಮ್ನ ಹಿಡದ ನೋಡ್ರಿ."

ಮಹಾನಂದಾ ಎದೆಯೆತ್ತರದ ಒಂದು ಹಿಡಿಕೆಯನ್ನು ಹಿಡಿದಳು. ಅಂಗೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅದರ ಮೇಲಿನದನ್ನೂ ಮುಟ್ಟಬೇಕೆನಿಸಿತು, ಮುಟ್ಟಿದಳು. ಇನ್ನೊಂದು ನೋಡೋಣ ಎನ್ನುವಷ್ಟರಲ್ಲಿ ಭುಜ ಚುಳುಕ್ ಎಂದಿತು. ನೋಡಿದರೆ ಕೈ ತನ್ನ ಕಿವಿಯ ಮಟ್ಟಕ್ಕೆ ಬಂದಿತ್ತು! ಬರೀ ಗೋಡೆಯಿಂದ ಆಗದ್ದು ಒಂದು ಆಸೆಯಿಂದ ಆಗಿತ್ತು. ಊರಿಗೆ ಮರಳುವ ಬಸ್ಸಿನಲ್ಲಿ ಆಕೆ ಕಿಟಕಿಯ ಸರಳು, ಸೀಟಿನ ಅಂಚು, ಟಿಫಿನ್ ಡಬ್ಬಿಯ ಹಿಡಿ ಎಲ್ಲವನ್ನೂ ಹಿಡಿದು ನೋಡುತ್ತ ಬಂದಳು. ಇಂಥ ಹಿಡಿಕೆಗಳನ್ನು ಕಟ್ಟಿಗೆಯಲ್ಲಿ ತಾನೇ ಮಾಡಬೇಕೆಂಬ ನಿರ್ಧಾರ ಊರ ಅಗಸಿಬಾಗಿಲು ಬರುವಷ್ಟರಲ್ಲಿ ಆಗಿಹೋಗಿತ್ತು.

ಮನೆಯ ಹಿಂದೆ ದನದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಗಂಡ ಸುಭಾಸ ಟ್ರ್ಯಾಕ್ಟರ್ ತಂದ ಮೇಲೆ ಎತ್ತುಗಳು ಹೋಗಿದ್ದವು, ಅವುಗಳ ಜಾಗದಲ್ಲಿ ಗೊಬ್ಬರದ ಖಾಲಿ ಚೀಲಗಳು ಕೂತಿದ್ದವು. ಚೀಲಗಳನ್ನು ಹೊರಹಾಕಿ, ಹಳೆಯ ಬಾಗಿಲಿನ ಹಲಗೆಯೊಂದನ್ನು ಮೇವು ಹಾಕುವ ಗ್ವಾದಲಿಯ ಮೇಲೆ ಅಡ್ಡ ಹಾಕಿ ಮಹಾನಂದಾ ಕೆಲಸದ ಮೇಜು ಮಾಡಿಕೊಂಡಳು. ಉಳಿ ಗರಗಸ ಹಿಡಿಯುವುದನ್ನು ಕಲಿಸಲು ಓಣಿಯ ಮಾಬುಸಾಬನನ್ನು ಕರೆದಳು. ಮಾಬುಸಾಬ ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವನು.

ಆತ ಆಕೆ ಬರೆದ ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದ. "ಅಕ್ಕೋರ, ಇದೇನ ಇದು? ಬಾಗಿಲದ ಹಿಡಿಕಿ ಅಲ್ಲ, ಗೂಟ ಅಲ್ಲ, ಗೊಂಬಿ ಅಲ್ಲ."

"ಗ್ವಾಡಿ ಹತ್ತೂದು, ಕಾಕಾ."

"ಬಾಗಲಾ ಇಲ್ಲೇನ್ರಿ ನಿಮ್ಮ ಮನಿಗೆ?"

ಕೇಳಿದ್ದು ಹಾಗೆ, ಆದರೆ ಮರುದಿನ ಉಳಿಗಳ ಚೀಲ ಹೆಗಲಿಗೆ ಹಾಕಿಕೊಂಡು ಆತನೇ ಮೊದಲು ಬಂದು ಕೊಟ್ಟಿಗೆಯಲ್ಲಿ ಕೂತಿದ್ದ.

ಮೊದಲ ಕಟ್ಟಿಗೆಗೇ ರಗಳೆಯಾಯಿತು. ಹಿತ್ತಲ ಮೂಲೆಯಲ್ಲಿ ಒಂದು ಬೇವಿನ ದಿಂಡು ಬಿದ್ದಿತ್ತು. ಒಣಗಿದ್ದು, ಗಟ್ಟಿಯಾದದ್ದು, ಕೈಗೆ ನುಣುಪು. ಮಹಾನಂದಾ ಒಂದು ರವಿವಾರ ಅದನ್ನು ಕೊಯ್ದು ತುಂಡು ಮಾಡಿದಳು. ಸಂಜೆ ಮಹಾದೇವಕ್ಕ, ಮಾಬುಸಾಬನ ಹೆಂಡತಿ ಅಜೀಜಾಬಿಯನ್ನು ಕರೆದುಕೊಂಡು ಎಲೆಅಡಿಕೆ ಚೀಲ ಹಿಡಿದು ಹಿತ್ತಲಿಗೆ ಬಂದಳು. ಕೂತುಕೊಳ್ಳಲು ಬಗ್ಗಿದವಳು ಅರ್ಧಕ್ಕೇ ನಿಂತಳು.

"ನನ್ನ ದಿಂಡು ಎಲ್ಲೆಬೇ?"

ಅದು ಬರೀ ದಿಂಡಲ್ಲ, ಈ ಇಬ್ಬರು ಗೆಳತಿಯರು ಊರಿನ ವಿಚಾರಣೆ ನಡೆಸುವ ಪೀಠ ಎಂಬುದು ಮಹಾನಂದಾಳಿಗೆ ಆಗ ಹೊಳೆಯಿತು. ಕೊಟ್ಟಿಗೆಯ ಕಡೆ ಬೆರಳು ಮಾಡಿದಳು. ಮಹಾದೇವಕ್ಕ ಒಳಗೆ ಹೋಗಿ ಮೇಜಿನ ಮೇಲಿನ ತುಂಡುಗಳನ್ನು ನೋಡಿದಳು.

"ಸೊಸಿ ಬಂದಾಗಿಂದ ನನ್ನ ಕೂಡೂ ಜಾಗಾ ಒಂದ ಉಳದಿತ್ತು. ಅದನ್ನೂ ಕೊಯ್ದ ಇಟ್ಲು ನೋಡ ಅಜೀಜಾ!"

ಅಜೀಜಾಬಿ ಸೆರಗು ಬಾಯಿಗೆ ಒತ್ತಿಕೊಂಡು ನಗು ನುಂಗುತ್ತಿದ್ದಳು. ಕೊನೆಗೆ ದಂಡವೆಂದು, ಬೆನ್ನಿಗೆ ಆನಿಕೆಯಿರುವ ಒಂದು ಬೆಂಚನ್ನು ಮೊದಲು ಮಾಡಿಕೊಡಬೇಕೆಂದು ತೀರ್ಮಾನವಾಯಿತು. ಮಹಾನಂದಾ ಉಳಿ ಹಿಡಿದು ಮಾಡಿದ ಮೊದಲ ಕೆಲಸ ಹೀಗೆ ಅತ್ತೆಯ ಬೆಂಚಾಯಿತು. ಒಂದು ಕಾಲು ತುಸು ಗಿಡ್ಡ. ಅದರ ಕೆಳಗೆ ಹಂಚಿನ ಚೂರು ಇಟ್ಟರು.

ಬೆಂಚು ಕೊಟ್ಟಿಗೆಯ ಬಾಗಿಲಿಗೇ ಬಂದಿತ್ತಾದ್ದರಿಂದ ಅಂದಿನಿಂದ ವಿಚಾರಣೆಯೂ ಅಲ್ಲೇ. ಇಬ್ಬರೂ ಶೇಂಗಾ ಸುಲಿಯುತ್ತ ಕೆಲಸ ನೋಡುವರು, ನಡುನಡುವೆ ಅಭಿಪ್ರಾಯ ಹೇಳುವರು. ಹಿಡಿಕೆ ಯಾವ ಆಕಾರದಲ್ಲಿರಬೇಕೆಂದು ಮಹಾನಂದಾ ತಲೆ ಕೆಡಿಸಿಕೊಂಡಿದ್ದಾಗ ಮಹಾದೇವಕ್ಕನೇ ಅಂದಳು: "ಕರ್ಚಿಕಾಯಿ ಹಂಗ ಮಾಡು. ನಾಕು ಬೆರಳ ಅಗದಿ ಬರೋಬರಿ ಕೂಡತಾವು." ಹಾಗೆ ಒಂದು ಕರ್ಚಿಕಾಯಿ ಹುಟ್ಟಿತು. ಆಮೇಲೆ ಉಂಡಿ, ಕಡಬು, ಎರಡು ಕಾಳಿನ ಶೇಂಗಾ, ಎಮ್ಮೆಯ ಕೊಂಬು. ಹಲಗೆಯ ಮೇಲೆ ಸಾಲಾಗಿ ಇಟ್ಟಾಗ ಹಬ್ಬದ ಅಡುಗೆ ಮಾಡಿಟ್ಟ ಹಾಗೆ ಕಾಣುತ್ತಿತ್ತು.

ಮಹಾನಂದಾಳಿಗೆ ಆ ಕೆಲಸದ ರುಚಿ ಹತ್ತಿತು. ಶಾಲೆಯಿಂದ ಬಂದು ಚಹಾ ಕುಡಿದವಳೇ ಕೊಟ್ಟಿಗೆಗೆ ನಡೆಯುವಳು. ಗರಗಸದಲ್ಲಿ ತುಂಡರಿಸಿ, ಉಳಿಯಿಂದ ಒರಟು ಆಕಾರ ತೆಗೆದು, ಅರದಿಂದ ಮೂಲೆಗಳನ್ನು ತಿಕ್ಕಿ, ಕೊನೆಗೆ ಕಣ್ಣು ಮುಚ್ಚಿಕೊಂಡು ಅಂಗೈಯಲ್ಲಿ ಹಿಡಿದು ನೋಡುವಳು. ಚುಚ್ಚಿದ ಕಡೆ ಪಾಲಿಶ್ ಪೇಪರ್ ಹಚ್ಚುವಳು. ಮೈಮೇಲೆಲ್ಲ ಬೇವಿನ ಪುಡಿ. ಗರಗಸ ಎಳೆಯುವಾಗ ಭುಜ ನೋಯುತ್ತಿತ್ತು, ಆದರೆ ಆ ನೋವಿಗೆ ಈಗೊಂದು ಉದ್ಯೋಗವಿತ್ತು. ಬೈಯುವುದಕ್ಕೆ ಪುರುಸೊತ್ತಿರಲಿಲ್ಲ.

ಮಾಬುಸಾಬನೂ ಸುಮ್ಮನೆ ಕೂರಲಿಲ್ಲ. ತಾನೂ ಒಂದು ಮಾಡಿ ತರುತ್ತೇನೆಂದು ಹೋದವನು, ಅರಗಿನ ಬಣ್ಣ ಹಚ್ಚಿದ ಒಂದು ಗುಂಡನೆಯ ಹಿಡಿಕೆ ತಂದ. ಕೆಂಪಿನ ಮೇಲೆ ಹಳದಿ ಬಳ್ಳಿ, ಹಸಿರು ಗಿಳಿ, ಮುಖ ಕಾಣುವಷ್ಟು ಹೊಳಪು. ಎಲ್ಲರೂ "ಆಹಾ" ಎಂದರು. ಮನೆಯ ಹಿಂದಿನ ಗೋಡೆಗೆ ಹಾಕಿ ಹಿಡಿದರೆ ಮೀನಿನಂತೆ ಜಾರಿತು. ಮಾಬುಸಾಬ ಎರಡೂ ಕೈಯಿಂದ ಜೋತುಬೀಳಲು ನೋಡಿ, ಜಾರಿ, ಕೆಳಗೆ ಹಾಸಿದ್ದ ಹುಲ್ಲಿನ ಮೇಲೆ ಕೂತ.

"ತೊಟ್ಟಿಲದಾಗಿನ ಕೂಸು ಚಲೋ, ಅಕ್ಕೋರ. ಏನೂ ಹಿಡ್ಯಾಕ ಹೋಗೂದಿಲ್ಲ" ಎಂದು ಲುಂಗಿ ಝಾಡಿಸಿಕೊಂಡ.

ಮಹಾನಂದಾಳ ಸರದಿಯೂ ಬಂತು. ಆ ಗೋಡೆಗೆ ಹಲಗೆ ಬಿಗಿದು, ಕೆಳಗಿನಿಂದ ಮಾಳಿಗೆಯ ಅಂಚಿನವರೆಗೆ ಹಿಡಿಕೆಗಳನ್ನು ಬೋಲ್ಟಿನಿಂದ ಕೂಡಿಸಿದ್ದರು. ಕೆಳಗೆ ಭತ್ತದ ಹುಲ್ಲು ತುಂಬಿದ ಚೀಲಗಳ ಹಾಸು. ಆಕೆ ದಿನಾ ಕೈ ಮೇಲಕ್ಕೆ ಒಯ್ಯುತ್ತ, ಹಾಗೇ ಒಂದು ಕಾಲನ್ನೂ ಇಡುತ್ತ, ಕಿಟಕಿಯ ಮೇಲಿನ ಸಜ್ಜಾದವರೆಗೆ ಹೋಗಿ ಇಳಿಯುತ್ತಿದ್ದಳು. ಒಂದು ದಿನ ಎಮ್ಮೆಕೊಂಬಿಗೆ ಭಾರ ಹಾಕಿದಳೋ ಇಲ್ಲವೋ, ಅದು ಲಟಕ್ಕೆಂದು ಮುರಿದು, ತುಂಡು ಕೈಯಲ್ಲೇ ಇದ್ದಂತೆ ಹುಲ್ಲಿನ ಚೀಲದ ಮೇಲೆ ಅಂಗಾತ ಬಿದ್ದಳು. ಕಟ್ಟಿಗೆಯ ಎಳೆ ಕೊಂಬಿನ ಉದ್ದಕ್ಕೆ ಬರುವಂತೆ ಕೆತ್ತುವುದು ಬಿಟ್ಟು ಅಡ್ಡಕ್ಕೆ ಕೆತ್ತಿದ್ದಳು. ಬೆಂಚಿನ ಮೇಲಿನ ಇಬ್ಬರೂ ಗಾಬರಿಯಿಂದ ಎದ್ದರು, ಈಕೆ ನಗುವುದನ್ನು ಕಂಡು ಮತ್ತೆ ಕೂತರು. ಮಾರನೆಯ ವಾರ ಎಳೆ ನೋಡಿಕೊಂಡು ಇನ್ನೊಂದು ಕೊಂಬು ಕೆತ್ತಿ, ಅದರ ಮೇಲೆ ಸುಭಾಸನನ್ನೂ ಮಾಬುಸಾಬನನ್ನೂ ಒಟ್ಟಿಗೆ ಜೋತುಬೀಳಿಸಿ ಪರೀಕ್ಷೆ ಮಾಡಿದಳು. ತಡೆಯಿತು. ಅದನ್ನು ಎಲ್ಲಕ್ಕಿಂತ ಮೇಲೆ, ಮಾಳಿಗೆಯ ಅಂಚಿನ ಕೆಳಗೆ ಬಿಗಿದರು. ಆದರೆ ಅಲ್ಲಿಯತನಕ ಹೋಗಲು ಆಕೆಗೆ ಧೈರ್ಯ ಬಂದಿರಲಿಲ್ಲ. ಸಜ್ಜಾ ಬಂದರೆ ಕೆಳಗೆ ನೋಡುವುದು, ಇಳಿಯುವುದು.

ಬೇಸಿಗೆ ಸೂಟಿಯಲ್ಲಿ ಮಹಾದೇವಕ್ಕ ಮತ್ತು ಅಜೀಜಾಬಿ ಯಮನೂರಿನ ದರ್ಗಾಕ್ಕೆ ಹೊರಟರು. ಮಹಾನಂದಾ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು, ಸುಭಾಸ ಕಲಘಟಗಿಯ ತನ್ನ ಗೊಬ್ಬರದ ಅಂಗಡಿಯಲ್ಲಿದ್ದ. ಮಹಾದೇವಕ್ಕ ಮನೆಗೆ ಕೀಲಿ ಹಾಕಿ, ಸೊಸೆಯ ಹತ್ತಿರ ಇನ್ನೊಂದು ಇದ್ದೇ ಇದೆಯೆಂದು ತಿಳಿದು, ಕೀಲಿಕೈಯನ್ನು ಸೊಂಟದ ಬಾಳೇವಿಗೆ ಸಿಕ್ಕಿಸಿಕೊಂಡು ಬಸ್ ಹತ್ತಿದಳು. ಆ ಇನ್ನೊಂದು ಒಳಗಿನ ಗೂಟಕ್ಕೆ ತೂಗುತ್ತಿತ್ತು.

ಮಹಾನಂದಾ ಹಿಟ್ಟಿನ ಡಬ್ಬಿ ಹೊತ್ತು ಬಾಗಿಲಿಗೆ ಬರುವುದಕ್ಕೂ ಫೋನು ರಿಂಗಣಿಸುವುದಕ್ಕೂ ಸರಿಹೋಯಿತು.

"ಯವ್ವಾ ಮಹಾನಂದಾ, ಗ್ಯಾಸಿನ ಮ್ಯಾಲ ಹುರಳಿ ಇಟ್ಟಿದ್ನೆವಾ! ಆರಸಿದ್ನೋ ಇಲ್ಲೋ ಒಂದೂ ನೆನಪಾಗವಲ್ದು. ಬಸ್ಸು ಹುಬ್ಬಳ್ಳಿ ಹತ್ರ ಬಂದೈತಿ!"

ಅತ್ತೆ ಆರಿಸಿರಲಿಲ್ಲ. ಅದನ್ನು ಮೂಗೇ ಹೇಳಿತು. ಹಿತ್ತಲಿಗೆ ಓಡಿ ಅಡುಗೆಮನೆಯ ಸರಳಿನ ಕಿಟಕಿಯಲ್ಲಿ ಇಣುಕಿದಳು. ಒಲೆಯ ಮೇಲೆ ಪಾತ್ರೆ ಕಪ್ಪಾಗಿ ಹೊಗೆ ಕಾರುತ್ತಿತ್ತು. ಪಕ್ಕದಲ್ಲೇ ಒರೆಸುವ ಅರಿವೆ, ಅದರಾಚೆ ಎಣ್ಣೆಯ ಡಬ್ಬಿ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ. ಬಾಜು ಮನೆಯ ಮಾಳಪ್ಪ ವಾಸನೆಗೆ ಓಡಿ ಬಂದ.

"ನಿಚ್ಚಣಿಕಿ ತಾ ಮಾಳಪ್ಪ!"

"ಲಗ್ನದ ಮನ್ಯಾವ್ರು ಹಂದರ ಹಾಕಾಕ ಒಯ್ದಾರ್ರಿ ಅಕ್ಕೋರ. ತಡೀರಿ, ಕಬ್ಬಣದ ಹಾರಿ ತರತೇನಿ, ಕೀಲಿ ಮುರಿಯೂಣು."

ಆತ ಓಡಿದ. ಮಹಾನಂದಾ ಗೋಡೆ ನೋಡಿದಳು. ಮಾಳಿಗೆಯ ಮೇಲಿನ ಬಾಗಿಲಿಗೆ ಅಗಳಿ ಹಾಕುವ ರೂಢಿಯಿರಲಿಲ್ಲ, ಅತ್ತೆ ಅಲ್ಲಿ ಶಂಡಿಗೆ ಒಣಹಾಕಿದ್ದಳು. ಚಪ್ಪಲಿ ಬಿಟ್ಟು, ನಿರಿಗೆ ಎತ್ತಿ ಸೊಂಟಕ್ಕೆ ಬಿಗಿದು, ಸೆರಗು ಸಿಕ್ಕಿಸಿ, ಕರ್ಚಿಕಾಯಿಗೆ ಕೈ ಹಾಕಿದಳು.

ಸಜ್ಜಾದವರೆಗೆ ಕೈಕಾಲು ತಾವೇ ನಡೆದವು. ಅಲ್ಲಿ ನಿಂತಳು. ಕೆಳಗೆ ನೋಡಲಿಲ್ಲ. ಎಡಗಾಲನ್ನು ಕಡಬಿನ ಮೇಲೆ ಇಟ್ಟು, ಬಲಗಾಲನ್ನು ಸಜ್ಜಾದ ಮೇಲೆ ಎಳೆದುಕೊಂಡಳು. ಮೇಲೆ ಕೊಂಬು ಕಾಣುತ್ತಿತ್ತು. ಎಡಗೈಗೆ ಅದು ದೂರ, ಬಲಗೈಯನ್ನೇ ತಲೆಯ ಮೇಲೆ ಪೂರ್ತಿ ಎತ್ತಬೇಕು. ಎತ್ತಿದಳು. ಭುಜ ಒಮ್ಮೆ ತಕರಾರು ಮಾಡಿತು. "ಆಮ್ಯಾಲ ಬೈ, ಈಗ ಏಳು" ಎಂದು ಆಕೆ ಗಟ್ಟಿಯಾಗಿಯೇ ಹೇಳಿದಳು. ಬೆರಳು ಕೊಂಬಿನ ಸುತ್ತ ಕೂತವು. ತಾನೇ ತಿಕ್ಕಿ ತಿಕ್ಕಿ ಕೂಡಿಸಿದ ಆ ಸಣ್ಣ ಇಳಿಜಾರಿನಲ್ಲಿ ಹೆಬ್ಬೆರಳು ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತು. ಜಗ್ಗಿದಳು. ಕಟ್ಟಿಗೆ ಕಿಮಕ್ ಎನ್ನಲಿಲ್ಲ. ಇನ್ನೊಂದು ಉಸಿರಿಗೆ ಹೊಟ್ಟೆ ಮಾಳಿಗೆಯ ಅಂಚಿನ ಮೇಲಿತ್ತು, ಮತ್ತೊಂದಕ್ಕೆ ಆಕೆ ಶಂಡಿಗೆಯ ಮೇಲೆ ಬಿದ್ದಿದ್ದಳು.

ಎದ್ದು ಮೆಟ್ಟಿಲಿಳಿದು, ಹೊಗೆಯಲ್ಲಿ ಕೆಮ್ಮುತ್ತ ಒಲೆ ಆರಿಸಿದಳು. ಸಿಲಿಂಡರಿನ ತಿರುಪನ್ನೂ ಬಂದ್ ಮಾಡಿದಳು. ಅರಿವೆಯ ಒಂದು ಅಂಚು ಆಗಲೇ ಕಂದಿತ್ತು. ಹಿತ್ತಲ ಬಾಗಿಲು ತೆರೆದರೆ ಮಾಳಪ್ಪ ಹಾರಿ ಹಿಡಿದುಕೊಂಡು ಬಾಯಿ ಬಿಟ್ಟು ಗೋಡೆಯ ತುದಿ ನೋಡುತ್ತ ನಿಂತಿದ್ದ.

"ಎಲ್ಲೆ ಹೋದ್ರಿ ಅಕ್ಕೋರ?"

"ಇಲ್ಲೇ ಅದೀನೋ, ಒಳಗ. ಬಾ, ಚಹಾ ಮಾಡತೇನಿ."

ಅಷ್ಟು ಹೇಳಿ ಹೊಸ್ತಿಲ ಮೇಲೆ ಕೂತವಳು ಕೂತೇಬಿಟ್ಟಳು. ಏಳಲೇ ಆಗಲಿಲ್ಲ. ನಗು, ಅಳು ಎರಡೂ ಒಟ್ಟಿಗೆ ಬಂದವು. ಚಹಾ ಕೊನೆಗೆ ಮಾಳಪ್ಪನೇ ಮಾಡಿದ, ಸಕ್ಕರೆ ಹೆಚ್ಚಾಗಿತ್ತು, ಅಷ್ಟು ರುಚಿಯಾದ ಚಹಾ ಆಕೆ ಕುಡಿದೇ ಇರಲಿಲ್ಲ.

ಸಂಜೆ ಮಹಾದೇವಕ್ಕ ಬಸ್ಸಿಳಿಯುವಷ್ಟರಲ್ಲಿ ಸುದ್ದಿ ಊರೆಲ್ಲ ತಿರುಗಿ ಬಸ್ ಸ್ಟ್ಯಾಂಡಿಗೂ ಬಂದಿತ್ತು. ನೇರ ಹಿತ್ತಲಿಗೆ ಹೋಗಿ ಗೋಡೆಯನ್ನು ಬುಡದಿಂದ ತುದಿಯವರೆಗೆ ನೋಡಿದಳು. ಕೈಗೆ ಸಿಕ್ಕಷ್ಟು ಹಿಡಿಕೆಗಳನ್ನು ಒಂದೊಂದಾಗಿ ಸವರಿದಳು. ಸೊಸೆಯ ಬಲಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿ ನೋಡಿದಳು. ಕಣ್ಣು ತುಂಬಿ ಬಂದಿತ್ತು. ಮಾತು ಮಾತ್ರ ಬೇರೆ ಬಂತು: "ಒಂದ ಹೆಜ್ಜಿ ಬಾಜುಕ ಬೀಳಾಕ ಏನಾಗಿತ್ತು? ಶಂಡಗಿ ಎಲ್ಲಾ ಪುಡಿ ಮಾಡಿ!"

ಸುಭಾಸ ಮರುದಿನ ತಾನೂ ಹತ್ತಿ ತೋರಿಸುತ್ತೇನೆಂದು ಪ್ಯಾಂಟು ಮಡಚಿದ. ಸಜ್ಜಾ ಮುಟ್ಟುವ ಮೊದಲೇ ಮುಖ ಬೆಳ್ಳಗಾಗಿ, "ಅಂಗಡಿಗೆ ಹೊತ್ತಾತು" ಎಂದು ಇಳಿದ. ಅಂದು ಅಂಗಡಿಗೆ ವಾರದ ಸೂಟಿ ಎಂದು ಯಾರೂ ನೆನಪು ಮಾಡಲಿಲ್ಲ.

ಶಾಲೆ ಶುರುವಾದಾಗ ಹೆಡ್‌ಮಾಸ್ಟರ್ ಬಾಳಕೃಷ್ಣ ಸರ್ ಅಂಥದ್ದೇ ಗೋಡೆ ಶಾಲೆಗೂ ಬೇಕೆಂದರು. ಎತ್ತರ ಬೇಡ, ನೆಲಕ್ಕೆ ಹತ್ತಿರ, ಅಡ್ಡಡ್ಡ ಸರಿಯುತ್ತ ಹೋಗುವಂಥದ್ದು ಮಾಡೋಣ ಎಂದು ಮಹಾನಂದಾ ಒಪ್ಪಿದಳು. ಮಾಬುಸಾಬ ಈ ಸಲ ಬಣ್ಣವನ್ನು ಹಿಡಿಕೆಗಳ ಬದಲು ಹಿಂದಿನ ಹಲಗೆಗೆ ಹಚ್ಚಿದ. ಗಿಳಿ, ನವಿಲು, ಬಳ್ಳಿ, ಅವನ ಮನಸ್ಸು ತಣಿಯುವಷ್ಟು.

ಉದ್ಘಾಟನೆಗೆ ರಿಬ್ಬನ್ ಕತ್ತರಿಸಿದ ಬಾಳಕೃಷ್ಣ ಸರ್, ಮಕ್ಕಳ ಒತ್ತಾಯಕ್ಕೆ ಬೂಟು ಕಳಚಿ ಗೋಡೆಗೆ ಅಂಟಿಕೊಂಡರು. ನಾಲ್ಕು ಹೆಜ್ಜೆ ಚೆನ್ನಾಗಿಯೇ ಸರಿದರು. ನಡುವೆ ಕೈ ಒಂದು ಕಡೆ, ಕಾಲು ಒಂದು ಕಡೆಯಾಗಿ ಅಲ್ಲೇ ನಿಂತುಬಿಟ್ಟರು. ನೆಲ ಒಂದು ಮೊಳ ಕೆಳಗಿತ್ತು.

"ಅಕ್ಕೋರ, ಈಗ ಏನ ಮಾಡಬೇಕ್ರಿ?"

"ಮುಂದಕ್ಕ ಬರ್ರಿ ಸರ!" ಎಂದು ಇಡೀ ಶಾಲೆ ಕೂಗಿತು.

ಸರ್ ಕಣ್ಣು ಮುಚ್ಚಿಕೊಂಡು ಮುಂದಿನ ಹಿಡಿಕೆಗೆ ಕೈ ಚಾಚಿದರು.