ಎರಡು ಭೂತಗನ್ನಡಿಯ ಚಾಕು

ಮೊನ್ನೆ ದೀಪಾವಳಿಗೆ ಬಾಗೂರಿನ ಅತ್ತೆಯ ಮನೆಯಲ್ಲಿ ಚಾಕುವಿನಿಂದ ಜಗಳವಾಯಿತು.

ಗಾಬರಿಯಾಗಬೇಡಿ. ಚಾಕು ಯಾರ ಕೈಯಲ್ಲೂ ಇರಲಿಲ್ಲ. ಚಾಪೆಯ ಮೇಲೆ ತನ್ನ ಪಾಡಿಗೆ ತಾನು ಬಿದ್ದುಕೊಂಡಿತ್ತು. (ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಕೆಳಗಿಟ್ಟು ಕೊಡಬೇಕು ಎನ್ನುತ್ತಾರೆ ನಮ್ಮ ಕಡೆ. ಕೆಳಗಿಟ್ಟರೂ ಆಗುತ್ತದೆ ಎಂಬುದು ನನ್ನ ಹೊಸ ಅನುಭವ.)

ಚಾಕು ಎಂದೆನಲ್ಲ, ಅದು ಬರೀ ಚಾಕು ಅಲ್ಲ. ಕೆಂಪು ಪ್ಲಾಸ್ಟಿಕ್ ಹಿಡಿಯೊಳಗೆ ಇಡೀ ಒಂದು ಅವಿಭಕ್ತ ಕುಟುಂಬ ಮಡಚಿಕೊಂಡು ಕೂತಿರುತ್ತದಲ್ಲ, ಆ ಜಾತಿಯದು. ದೊಡ್ಡ ಅಲಗು, ಸಣ್ಣ ಅಲಗು, ಕತ್ತರಿ, ಸ್ಕ್ರೂಡ್ರೈವರ್, ಪುಟ್ಟ ಭೂತಗನ್ನಡಿ, ಬಾಟಲಿಯ ಬಿರಡೆ ಕೀಳುವ ಸುರುಳಿ, ಮೀನಿನ ಹುರುಪೆ ಕೆರೆಯುವ ಹಲ್ಲುಪಟ್ಟಿ. ದಿನಾ ಲಿಂಗಪೂಜೆ ಮಾಡುವ ಮನೆಗೆ ಕೊನೆಯ ಎರಡು ಎಷ್ಟು ಉಪಯೋಗ ಎಂದು ನೀವೇ ಊಹಿಸಿಕೊಳ್ಳಿ.

ಇದನ್ನು ಕೊಟ್ಟವರು ನಮ್ಮ ಅತ್ತೆ ಗಂಗಮ್ಮನವರು. ಬೊಂಬಾಯಿಗೆ ಲಾರಿ ಹೊಡೆಯುವ ಪಕ್ಕದ ಮನೆಯವನಿಗೆ ಹೇಳಿ, ಯುಗಾದಿಗೆ ಅಳಿಯಂದಿರಿಗೆಂದು ತರಿಸಿದ್ದರು. ಅಳಿಯಂದಿರು ಇಬ್ಬರು. ದೊಡ್ಡ ಮಗಳು ಗಿರಿಜಳ ಗಂಡ ರುದ್ರಣ್ಣ, ಹೊಳಲ್ಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಚಿಕ್ಕ ಮಗಳು ಸುಮಳ ಗಂಡ ನಾನು, ದುರ್ಗದಲ್ಲಿ ಮೇಷ್ಟ್ರು. ಆದ್ದರಿಂದ ಚಾಕುಗಳೂ ಎರಡು. ಒಂದೇ ಬಣ್ಣ, ಒಂದೇ ಅಳತೆ, ಒಂದೇ ಡಬ್ಬಿ. ಡಬ್ಬಿಯ ಮೇಲೆ ಒಂದೇ ಥರದ ಮೀನಿನ ಚಿತ್ರ!

ನಮ್ಮ ಅತ್ತೆಯ ಮನೆಯ ಕಾನೂನೇ ಅದು. ಏನು ಕೊಟ್ಟರೂ ಜೋಡಿ, ಎರಡೂ ಒಂದೇ ಥರ. ರುದ್ರಣ್ಣ ಬಾಗಿಲು ಬಗ್ಗಿ ದಾಟುವ ಆಳು. ನಾನು ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಹಿಮ್ಮಡಿ ಎತ್ತುವವನು. ಇಬ್ಬರಿಗೂ ಒಂದೇ ಅಳತೆಯ ರೆಡಿಮೇಡ್ ಶರ್ಟು! ಅವನ ಹೊಟ್ಟೆ ಕಾಣುತ್ತದೆ, ನನ್ನ ಕೈಬೆರಳು ಕಾಣುವುದಿಲ್ಲ. ಆದರೂ ಹಬ್ಬದ ದಿನ ಇಬ್ಬರೂ ಹಾಕಿಕೊಂಡು, ನಗುತ್ತಾ ಊಟಕ್ಕೆ ಕೂರಲೇಬೇಕು.

ನಗಬೇಡಿ, ಇದರ ಹಿಂದೆ ಒಂದು ನೋವಿದೆ. ಅತ್ತೆಗೆ ಭರಮಸಾಗರದಲ್ಲಿ ಒಬ್ಬ ಅಕ್ಕ ಇದ್ದಾರೆ. ತಾಯಿ ತೀರಿಕೊಂಡಾಗ ತವರಿನಲ್ಲಿ ಉಳಿದದ್ದು ಒಂದೇ ತಾಮ್ರದ ಹಂಡೆ. ಹಂಡೆ ಒಂದು, ಹೆಣ್ಣುಮಕ್ಕಳು ಇಬ್ಬರು. ಅಲ್ಲಿಂದ ಇಲ್ಲಿಯವರೆಗೂ ಅಕ್ಕತಂಗಿಯರ ನಡುವೆ ಮಾತಿಲ್ಲ. ಮದುವೆ ಮನೆಯಲ್ಲಿ ಎದುರಾದರೆ ಒಬ್ಬರು ಅಡುಗೆ ಮನೆಗೆ, ಒಬ್ಬರು ಹಿತ್ತಿಲಿಗೆ. ತನ್ನ ಮಕ್ಕಳಿಗೂ ಹೀಗೇ ಆದರೆ ಎಂಬ ಹೆದರಿಕೆ ಅತ್ತೆಯ ಎದೆಯಲ್ಲಿ ಮನೆ ಮಾಡಿಬಿಟ್ಟಿದೆ. ಶರ್ಟಿನ ಅಳತೆಗಿಂತ ಅದು ದೊಡ್ಡದು. ಹಾಗಾಗಿ ನಾವಿಬ್ಬರೂ ತುಟಿಪಿಟಕ್ ಎನ್ನುವುದಿಲ್ಲ.

ಆದರೆ ಚಾಕುವಿನ ವಿಷಯದಲ್ಲಿ ಕೈ ಸುಮ್ಮನಿರಲಿಲ್ಲ.

ಮಳೆಗಾಲದಲ್ಲಿ ಹೊಳಲ್ಕೆರೆಗೆ ಹೋಗಿದ್ದೆ. ರುದ್ರಣ್ಣನ ಅಂಗಡಿಯಲ್ಲಿ ಕೂತು ಪೇಪರ್ ಓದಲು ಚಾಕು ತೆಗೆದೆ. (ನನಗೆ ಚಾಳೀಸು ಬಂದಿದೆ. ಕನ್ನಡಕ ಹಾಕಿಕೊಂಡರೆ ಕ್ಲಾಸಿನ ಹುಡುಗರ ಮುಂದೆ ವಯಸ್ಸು ಒಪ್ಪಿಕೊಂಡ ಹಾಗಾಗುತ್ತದೆ. ಭೂತಗನ್ನಡಿಯಾದರೆ ಸಂಶೋಧನೆ ಮಾಡುವವನಂತೆ ಕಾಣುತ್ತೇನೆ.) ರುದ್ರಣ್ಣನೂ ತನ್ನ ಚಾಕು ತೆಗೆದ. ಅವನು ಬಿಚ್ಚಿದ್ದು ಬಿರಡೆ ಕೀಳುವ ಸುರುಳಿ.

"ಏನಣ್ಣ ಇದು, ಅತ್ತೆ ನೋಡಿದರೆ?" ಎಂದೆ.

"ಏ ಮೇಷ್ಟ್ರೇ, ಸುಮ್ನೆ ನೋಡ್ರಿ ಇಲ್ಲಿ" ಎಂದವನೇ ಒಂದು ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ನೀರು ಸೋರದಿರಲಿ ಎಂದು ಪಂಪಿನ ಕತ್ತಿನೊಳಗೆ ಗ್ರೀಸು ಬಳಿದ ದಾರ ತುರುಕಿರುತ್ತಾರಂತೆ. ಅದು ಹಳತಾದರೆ ಕಿತ್ತು ತೆಗೆಯುವುದು ದೊಡ್ಡ ರಂಪ. ರುದ್ರಣ್ಣ ಸುರುಳಿ ತಿರುಗಿಸಿ ಎಳೆದ. ದಾರ ಶಾವಿಗೆಯಂತೆ ಈಚೆ ಬಂತು.

ಯಾವುದೋ ದೇಶದಲ್ಲಿ ಯಾರೋ ಕೂತು, ಗಂಡಸಿನ ಜೇಬಿನಲ್ಲಿ ಏನೇನು ಇರಬೇಕೆಂದು ತೀರ್ಮಾನಿಸಿದ್ದಾನೆ. ತೀರ್ಮಾನಿಸಲಿ. ನಮ್ಮವರು ಕೊಂಡದ್ದನ್ನು ಕೊಂಡ ಹಾಗೇ ಇಟ್ಟುಕೊಂಡದ್ದು ಯಾವಾಗ? ಎತ್ತಿನ ಗಾಡಿಗೆ ಲಾರಿ ಟೈರು ಹಾಕಿದವರು ನಾವು. ಹರಿದ ಕೊಡೆಯ ಕಡ್ಡಿಯಲ್ಲಿ ಟಿ.ವಿ. ಆಂಟೆನಾ ಕಟ್ಟಿದವರು ನಾವು. ಒಂದು ಚಾಕು ಯಾವ ಲೆಕ್ಕ?

"ನಂದು ಮೊನೆ ಮೊಂಡಾಗೈತೆ. ನಿಮ್ಮ ಸುರುಳಿ ನಂಗೆ ಕೊಡ್ರಿ, ನನ್ನ ಭೂತಗನ್ನಡಿ ನೀವು ಇಟ್ಕಳ್ರಿ" ಎಂದ ರುದ್ರಣ್ಣ.

ನನ್ನ ಬಾಯಲ್ಲಿ ನೀರೂರಿತು. ಎರಡು ಭೂತಗನ್ನಡಿ! ಒಂದರ ಮೇಲೊಂದು ಹಿಡಿದರೆ ಇರುವೆ ಕಾಲಿನಂಥ ಅಕ್ಷರ ಹುಣಸೆಬೀಜದಷ್ಟು ಕಾಣುತ್ತದೆ.

ಆಪರೇಷನ್ ಶುರುವಾಯಿತು. ಪ್ಲಾಸ್ಟಿಕ್ ಹಿಡಿಯನ್ನು ಬ್ಲೇಡಿನಿಂದ ಮೀಟಿ ಎಬ್ಬಿಸಿದ. ಒಳಗಿದ್ದ ಹಿತ್ತಾಳೆ ರಿವಿಟ್ಟುಗಳ ತಲೆ ಅರದಿಂದ ಉಜ್ಜಿ, ಮೊಳೆ ಇಟ್ಟು ಕುಟ್ಟಿ ಹೊರಗೆ ತಳ್ಳಿದ. ಇಡೀ ಕುಟುಂಬ ಗೋಣಿಚೀಲದ ಮೇಲೆ ಚೆಲ್ಲಿತು. ಒಂದು ಸ್ಪ್ರಿಂಗ್ ಪಟ್ಟಿ ಟಣ್ಣೆಂದು ಹಾರಿ ಸುಟ್ಟ ತಂತಿಯ ರಾಶಿಯೊಳಗೆ ಮಾಯವಾಯಿತು. ಭೂತಗನ್ನಡಿ ಹಿಡಿದೇ ಹುಡುಕಿದೆವು. ಮೀನಿನ ಹಲ್ಲುಪಟ್ಟಿಗಳನ್ನು ಎರಡರಿಂದಲೂ ಕಿತ್ತು ಬಿಸಾಕಿ, ಆ ಜಾಗಕ್ಕೆ ಹಳೆಯ ಗರಗಸದ ತುಂಡು ಉಜ್ಜಿ ಮುಳ್ಳು ತೆಗೆಯುವ ಸೂಜಿ ಕೂರಿಸಿದ. ಬಾಗೂರಿನ ಹೊಲದ ಬದುವಿನಲ್ಲಿ ಜಾಲಿ ಎಷ್ಟಿದೆ ಎಂಬುದು ಅಳಿಯಂದಿರ ಅಂಗಾಲಿಗೆ ಗೊತ್ತು.

ರಿವಿಟ್ಟಿನ ಬದಲು ಸೈಕಲ್ ಕಡ್ಡಿ ಕತ್ತರಿಸಿ ಹಾಕಿ, ಎರಡೂ ಕಡೆ ಸುತ್ತಿಗೆಯಿಂದ ತಟ್ಟಿ ಬಿಗಿ ಮಾಡಿದ. ನನ್ನದು ಅತಿ ಬಿಗಿಯಾಗಿ, ದೊಡ್ಡ ಅಲಗು ಬಿಡಿಸಲು ಈಗ ಉಗುರು ಸಾಲದು, ಹಲ್ಲು ಬೇಕು. ಅವನದು ಜೇಬಿನಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಇಬ್ಬರೂ ಪರಮ ಸುಖಿಗಳು.

"ಅತ್ತೆಗೆ ಗೊತ್ತಾದ್ರೆ?" ಎಂದು ಅವನೇ ಕೇಳಿದ.

"ಮೇಲೆ ಪ್ಲಾಸ್ಟಿಕ್ ಅಂಟಿಸಿದ ಮೇಲೆ ಎರಡೂ ಒಂದೇ ಅಲ್ವೇನಣ್ಣ?" ಎಂದೆ.

ದೀಪಾವಳಿಯ ಪಾಡ್ಯದ ಮಧ್ಯಾಹ್ನ. ಹೋಳಿಗೆ ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಉರುಳಿಕೊಂಡಿದ್ದೆವು. ಅತ್ತೆ ಕುಪ್ಪಸದ ಗುಂಡಿ ಹೊಲಿಯಲು ಕೂತರು. ಸೂಜಿಗೆ ದಾರ ಹೋಗಲಿಲ್ಲ. "ಆ ಭೂತಗನ್ನಡಿ ಐತಲ್ಲ, ಸ್ವಲ್ಪ ಕೊಡ್ರಿ" ಎಂದು ರುದ್ರಣ್ಣನನ್ನು ಕೇಳಿದರು. (ಏನೇ ಕೇಳಿದರೂ ಮೊದಲು ಹಿರಿಯ ಅಳಿಯ. ಅದೂ ಕಾನೂನು.)

ರುದ್ರಣ್ಣ ಕೆಮ್ಮಿದ. ಚಾಕು ತೆಗೆದ. ಒಂದು ಸುರುಳಿ ಬಂತು. ಇನ್ನೊಂದು ಎಳೆದ. ಇನ್ನೊಂದು ಸುರುಳಿ ಬಂತು. ನಾನಾದರೂ ಸುಮ್ಮನಿರಬಹುದಿತ್ತು. "ತಗೊಳ್ಳಿ ಅತ್ತೆ, ನನ್ನದಿದೆ" ಎಂದು ಚಾಪೆಯ ಮೇಲೆ ನನ್ನದನ್ನು ಬಿಚ್ಚಿಟ್ಟೆ. ಅಭ್ಯಾಸಬಲ ನೋಡಿ, ಎರಡೂ ಕನ್ನಡಿ ಬಿಚ್ಚಿದ್ದೆ.

ಗಿರಿಜಳ ಕಣ್ಣು ಅಲ್ಲೇ ನಿಂತಿತು. "ಅವ್ವಾ, ಅವರದ್ರಾಗೆ ಎರಡು ಅವೆ. ನಮ್ಮೋರದ್ರಾಗೆ ಒಂದೂ ಇಲ್ಲ."

"ಅಂದ್ರೆ?" ಎಂದಳು ಸುಮ.

"ಅಂದ್ರೆ ಏನೈತೆ? ಚಿಕ್ಕ ಅಳಿಯ ಮೇಷ್ಟ್ರು, ಓದಿದೋರು. ನಮ್ಮೋರು ಗ್ರೀಸ್ ಕೈಯೋರು."

"ಅಕ್ಕಾ, ಹೊಲಿಗೆ ಮಿಷಿನ್ ನಿಂಗೆ ಮೊದ್ಲು ಕೊಟ್ಟಾಗ ನಾನೇನಾದ್ರೂ ಅಂದಿದ್ನಾ?"

ಹೊಲಿಗೆ ಮಿಷಿನ್ನಿನಿಂದ ಕಿವಿಯೋಲೆಗೆ, ಕಿವಿಯೋಲೆಯಿಂದ ಬಾಣಂತನದ ತುಪ್ಪಕ್ಕೆ ಮಾತು ಹತ್ತಿತು. ನಾನು ರುದ್ರಣ್ಣನ ಮುಖ ನೋಡಿದೆ, ರುದ್ರಣ್ಣ ಜಂತೆ ನೋಡಿದ. ಅತ್ತೆ ಕೊಟ್ಟದ್ದನ್ನು ಬಿಚ್ಚಿ ಹಾಕಿದೆವು ಎಂದು ಯಾರು ಬಾಯಿ ಬಿಡುವುದು?

ಆಗ ಅತ್ತೆಯನ್ನು ನೋಡಿದೆ. ಸೂಜಿ ಕೈಯಿಂದ ಜಾರಿತ್ತು. "ದೇವ್ರಾಣೆಗೂ ಇಬ್ರಿಗೂ ಒಂದೇ ಕೊಟ್ಟೀನವ್ವ. ನಾನೇ ತೆಗೆದು ನೋಡಿ ಕೊಟ್ಟೀನಿ" ಎನ್ನುತ್ತಿದ್ದರು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. "ನಾನೂ ನಮ್ಮಕ್ಕನೂ ಹಿಂಗೇ ಶುರು ಮಾಡಿದ್ದು" ಎಂದರು, ಬಹಳ ಮೆಲ್ಲಗೆ.

"ನಾವೇ ಬದಲಾಯಿಸಿಕೊಂಡೆವು ಅತ್ತೆ. ನನಗೆ ಸುರುಳಿ ಬೇಡವಾಗಿತ್ತು, ಅಣ್ಣನಿಗೆ ಕನ್ನಡಿ ಬೇಡವಾಗಿತ್ತು" ಎಂದುಬಿಟ್ಟೆ.

ಜಗಳ ಥಟ್ಟನೆ ನಿಂತಿತು. ಅಂದರೆ, ದಿಕ್ಕು ಬದಲಿಸಿತು. ಅಕ್ಕತಂಗಿ ಒಂದಾಗಿ ನಮ್ಮ ಮೇಲೆ ಬಿದ್ದರು. "ಅವ್ವ ಆಸೆಪಟ್ಟು ತರ್ಸಿದ್ದ ಬಿಚ್ಚಿ ಹಾಕಿದ್ರಾ? ನಿಮಗೆ ಮನಸಾದ್ರೂ ಹೆಂಗೆ ಬಂತ್ರಿ?"

ರುದ್ರಣ್ಣನಿಗೆ ರೇಗಿತು. "ಅಲ್ಲಾ, ನೀವು ಹೊಸದುರ್ಗದ ಬಸ್‌ಸ್ಟ್ಯಾಂಡ್‌ನಾಗೆ ಮಾಡಾದೇನು ಮತ್ತೆ?"

ಅಕ್ಕತಂಗಿ ಇಬ್ಬರೂ ಸೆರಗು ಸರಿಮಾಡಿಕೊಂಡರು.

"ಏನು ಮಾಡ್ತಾರೆ?" ಅತ್ತೆ ಕೇಳಿದರು.

ಸಂಗತಿ ಇಷ್ಟು. ಪ್ರತಿ ಹಬ್ಬ ಮುಗಿಸಿ ಹೊರಡುವಾಗ ಅತ್ತೆ ಇಬ್ಬರಿಗೂ ಬ್ಯಾಗು ತುಂಬುತ್ತಾರೆ. ಇಬ್ಬರಿಗೂ ಅಷ್ಟೇ ಹಪ್ಪಳ, ಅಷ್ಟೇ ಸಂಡಿಗೆ, ಒಂದೇ ಥರದ ಸೀರೆ. ಬಾಗೂರಿನ ಬಸ್ಸು ಹೊಸದುರ್ಗದಲ್ಲಿ ಇಳಿಸುತ್ತದೆ. ಮುಂದಿನ ಬಸ್ಸಿಗೆ ಕಾಯುವಾಗ ಗಂಡಸರು ಟೀ ಕುಡಿಯಲು ಹೋಗುತ್ತೇವೆ. ಅಷ್ಟರಲ್ಲಿ ಕಲ್ಲುಬೆಂಚಿನ ಮೇಲೆ ಎರಡೂ ಬ್ಯಾಗು ಬಾಯಿ ತೆರೆಯುತ್ತವೆ! ಸಂಡಿಗೆಯೆಲ್ಲ ಹೊಳಲ್ಕೆರೆಗೆ, ಹಪ್ಪಳವೆಲ್ಲ ದುರ್ಗಕ್ಕೆ. ಸೀರೆ ಒಂದೇ ಥರ ಆಗಬಾರದೆಂದು ಒಬ್ಬಳು ತನ್ನದನ್ನು ಕೊಟ್ಟು, ಇನ್ನೊಬ್ಬಳಿಗೆ ಬೇರೆ ಕಡೆಯಿಂದ ಬಂದು ಉಡದೆ ಉಳಿದದ್ದನ್ನು ಪಡೆಯುತ್ತಾಳೆ. ರುದ್ರಣ್ಣ ಒಮ್ಮೆ ಬೀಡಿಗೆಂದು ಈಚೆ ಬಂದವನು ಕಣ್ಣಾರೆ ಕಂಡಿದ್ದಾನೆ. ನಾನು ಇಷ್ಟು ದಿನ, ನನ್ನ ಹೆಂಡತಿಗೆ ತವರಿನಿಂದ ಸಂಡಿಗೆಯನ್ನೇ ಕೊಡುವುದಿಲ್ಲ ಎಂದುಕೊಂಡಿದ್ದೆ!

"ಯಾವಾಗಿಂದ?" ಅತ್ತೆ ಕೇಳಿದರು.

"ಮದುವೆ ಆದಾಗಿಂದ" ಎಂದಳು ಗಿರಿಜ, ನೆಲ ನೋಡುತ್ತಾ.

"ಜಗಳ ಆಗಲ್ವೇನ್ರೇ?"

"ಆಗದೆ ಏನವ್ವ? ಒಂದು ಸಂಡಿಗೆ ಪಾಕೀಟಿಗೆ ಎಷ್ಟು ಹಪ್ಪಳ ಅಂತ ಬಸ್ ಬರೋವರೆಗೂ ಕಿತ್ತಾಡ್ತೀವಿ. ಹೋದ್ಸಲ ಬಸ್ಸೇ ತಪ್ಪಿತು" ಎಂದಳು ಸುಮ.

ಅತ್ತೆ ಅತ್ತುಬಿಡುತ್ತಾರೆ ಎಂದುಕೊಂಡೆ. ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಅವರನ್ನು ಹಾಗೆ ಹಗುರಾಗಿ ನಾನು ಎಂದೂ ನೋಡಿರಲಿಲ್ಲ.

ಸಂಜೆ ಬ್ಯಾಗು ತುಂಬುವ ಹೊತ್ತಾಯಿತು. ಅತ್ತೆ ಡಬ್ಬಿಗಳನ್ನು ಇಳಿಸಿ, "ಸರಿ, ಇನ್ನು ಮುಚ್ಚುಮರೆ ಯಾಕೆ? ಸಂಡಿಗೆ ಎಲ್ಲಾ ಗಿರಿಜಾಗೆ, ಹಪ್ಪಳ ಎಲ್ಲಾ ಸುಮಾಗೆ ಹಾಕ್ತೀನಿ" ಎಂದರು.

"ಬ್ಯಾಡವ್ವಾ!" ಎಂದರು ಇಬ್ಬರೂ ಒಟ್ಟಿಗೆ. "ಸಮನಾಗೇ ಹಾಕು."

ನನಗೆ ತಲೆಬುಡ ಅರ್ಥವಾಗಲಿಲ್ಲ. ಇದೇನು ನಿಮ್ಮ ನ್ಯಾಯ, ಬೇಕಾದದ್ದೇ ಸಿಗುವಾಗ ಬೇಡ ಎನ್ನುತ್ತೀರಲ್ಲ ಎಂದು ಹೆಂಡತಿಯನ್ನು ಕೇಳಿದೆ. ಅವಳು ಬ್ಯಾಗಿನ ಜಿಪ್ಪು ಎಳೆಯುತ್ತಾ, ಕ್ಲಾಸಿನಲ್ಲಿ ನಾನು ದಡ್ಡರನ್ನು ನೋಡುವ ಹಾಗೆ ನನ್ನನ್ನು ನೋಡಿದಳು:

"ಎಲ್ಲಾ ಸರಿಯಾಗೇ ಬಂದ್ಬಿಟ್ರೆ, ಬಸ್‌ಸ್ಟ್ಯಾಂಡ್‌ನಾಗೆ ನಾನೂ ಅಕ್ಕನೂ ಏನ್ ಮಾತಾಡಾಣ?"