ಖಲಾಸ್ ಅಲ್ಲ, ಕಾಯ್ತಾ ಉಂಟು

ಹೋದ ವಾರ ಕೊಲ್ಲಿ ನಾಡಿನ ಈ ಬರ್ಕಾದ ಪೇಟೆಯಲ್ಲಿ ಯಾರದೋ ಅಡುಗೆಮನೆಗೆಂದು ಅಮೃತಶಿಲೆ ಕೊಯ್ಯುತ್ತಿದ್ದರು. ನೀರು ಬಿದ್ದ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿದದ್ದೇ, ಕಾರಿನ ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ರುಸೈಲಿನ ಕಲ್ಲಿನ ಕಾರ್ಖಾನೆ, ಅಲ್ಲಿನ ನಮ್ಮ ಮೇಡಂ...

ಮೇಡಂ ಅಲ್ಲಿ ಯಂತ್ರಗಳ ನಿಯಂತ್ರಣ ವಿಭಾಗದ ಮುಖ್ಯಸ್ಥೆ. ಉಡುಪಿ ಕಡೆಯ ಕೊಂಕಣಿಯವರು. ನಾನು ಹಾವೇರಿಯವನು, ಓದು ಮುಗಿಸಿ ಅವರ ಕೈಕೆಳಗೆ ಸೇರಿದವನು. ನನಗೆ ಕೊಂಕಣಿ ಬಾರದ್ದರಿಂದ ಕನ್ನಡದಲ್ಲೇ ಬೈಯುವ ತೊಂದರೆ ತೆಗೆದುಕೊಳ್ಳುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಮೊದಲ ನೀರುದೋಸೆ ನನ್ನ ತಟ್ಟೆಗೇ ಬೀಳುತ್ತಿತ್ತು. ಬೈಗುಳ ನನಗೆ ನಾಟದಿದ್ದುದಕ್ಕೆ ಅದೂ ಒಂದು ಕಾರಣ.

ಕಲ್ಲು ಎತ್ತುವ ಕ್ರೇನನ್ನು ಚಾಲಕ ಕೆಳಗೆ ನಿಂತು, ತಂತಿಯಿಲ್ಲದ ರಿಮೋಟಿನಿಂದ ನಡೆಸುತ್ತಿದ್ದ. ಸುತ್ತ ಕಬ್ಬಿಣವೇ ಕಬ್ಬಿಣ, ಸಿಗ್ನಲ್ ಆಗಾಗ ತಪ್ಪುತ್ತಿತ್ತು. ತಪ್ಪಿದೊಡನೆ ಕ್ರೇನ್ ಇದ್ದಲ್ಲೇ ನಿಲ್ಲುವಂತೆ ಮೇಡಂ ಮಾಡಿಟ್ಟಿದ್ದರು. ನಿಂತಾಗಲೆಲ್ಲ ಚಾಲಕ "ಖಲಾಸ್, ಮೇಡಂ!" ಎಂದು ಕೂಗುತ್ತಿದ್ದ. ಅಲ್ಲಿ ಊಟ ಮುಗಿದರೂ ಖಲಾಸ್, ಯಂತ್ರ ಕೆಟ್ಟರೂ ಖಲಾಸ್. ಮೇಡಂಗೆ ಮಾತ್ರ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ನನ್ನ ಕಡೆ ತಿರುಗಿ, "ಖಲಾಸ್ ಎಂತದ್ದು? ಅದಕ್ಕೆ ಕೇಳಿಸ್ಲಿಲ್ಲ, ಕಾಯ್ತಾ ಉಂಟು" ಅನ್ನುತ್ತಿದ್ದರು.

ಕೆಲಸ ಕುಂಟುತ್ತಿದೆ ಎಂದು ಮ್ಯಾನೇಜರ್ ರೇಗಿದರು. ಸಿಗ್ನಲ್ ತಪ್ಪಿದರೂ ಕ್ರೇನ್ ಹಿಂದಿನ ಆಜ್ಞೆಯಂತೆ ಸ್ವಲ್ಪ ಹೊತ್ತು ಮುಂದುವರಿಯಲಿ ಎಂದು ಹಟ ಹಿಡಿದರು. ಮೇಡಂ ಜಗ್ಗಲಿಲ್ಲ. ಆಂಟೆನಾ ಹೆಚ್ಚಿಸಿಕೊಡುತ್ತೇನೆ, ಇದನ್ನು ಬದಲಿಸಬೇಕಾದರೆ ಮೊದಲು ನನ್ನನ್ನು ಬದಲಿಸಿ ಅಂದುಬಿಟ್ಟರು. ಕೆಲಸ ಹೋದರೆ ವೀಸಾವೂ ಹೋಗುವ ಊರಿನಲ್ಲಿ ಸುಮ್ಮನೆ ಆಡುವ ಮಾತಲ್ಲ ಅದು.

ಅದಾದ ಕೆಲವೇ ದಿನಕ್ಕೆ ನಾನು ಗೋಡೆಗೆ ಹೊಸ ಆಂಟೆನಾ ಕೂರಿಸುತ್ತಿದ್ದೆ. ಚಪ್ಪಡಿ ಹೊತ್ತ ಕ್ರೇನ್ ಬೆನ್ನ ಹಿಂದೆ ಬರುತ್ತಿದ್ದದ್ದು ಗರಗಸದ ಸದ್ದಿನಲ್ಲಿ ತಿಳಿಯಲೇ ಇಲ್ಲ. ಪೇರಿಸಿದ ಕಲ್ಲುಗಳ ಮರೆಯಲ್ಲಿ ಚಾಲಕನಿಗೂ ನಾನು ಕಾಣಲಿಲ್ಲ. ಅಷ್ಟರಲ್ಲಿ ಸಿಗ್ನಲ್ ತಪ್ಪಿತು. ತಿರುಗಿ ನೋಡಿದರೆ ಚಪ್ಪಡಿ ನನ್ನ ಎದೆಯಿಂದ ಗೇಣು ದೂರದಲ್ಲಿ ತೂಗಾಡುತ್ತಿತ್ತು. ಆಚೆಯಿಂದ ಎಂದಿನ ಕೂಗು: "ಖಲಾಸ್, ಮೇಡಂ!"

ಓಡಿಬಂದ ಮೇಡಂ ನನ್ನ ತೋಳು ಹಿಡಿದು ಈಚೆಗೆಳೆದರು. "ಅದು ಕಾಯದಿದ್ರೆ ಖಲಾಸ್ ಆಗ್ತಿದ್ದದ್ದು ನೀನು, ಮಾರಾಯ..." ಅಂದವರು ಅಲ್ಲೇ ಕುಳಿತು ಅತ್ತುಬಿಟ್ಟರು. ಮ್ಯಾನೇಜರ್ ಮತ್ತೆ ಆ ಮಾತೆತ್ತಲಿಲ್ಲ.

ಈಗ ನಾನು ಬೌಷರಿನ ಮೊಬೈಲ್ ಕಂಪನಿಯೊಂದರ ಕಚೇರಿಯಲ್ಲಿದ್ದೇನೆ. ಮುಂದಿನ ತಲೆಮಾರಿನ ಮೊಬೈಲ್ ಜಾಲ ಹೇಗಿರಬೇಕೆಂದು ನಿಯಮ ಬರೆಯುವ ಗುಂಪಿನಲ್ಲಿ ನಾನೂ ಒಬ್ಬ. ಕಾರ್ಖಾನೆಯ ಯಂತ್ರಗಳೂ ಇನ್ನು ಆ ಜಾಲದಲ್ಲೇ ನಡೆಯಲಿವೆ. ಗುಂಪಿನಲ್ಲಿ ಎಲ್ಲರಿಗೂ ವೇಗದ ಹುಚ್ಚು. ನನ್ನದು ಮಾತ್ರ ಪ್ರತಿ ಸಭೆಯಲ್ಲೂ ಒಂದೇ ರಾಗ: ಸಂದೇಶ ಬೇಗ ತಲುಪುತ್ತದೆ ಸರಿ, ತಲುಪದಿದ್ದರೆ? ಕಾರ್ಖಾನೆಗಳು ಎಂದೋ ಕಲಿತ ಪಾಠ, ಮೊಬೈಲಿನವರು ಈಗ ಕಲಿಯುತ್ತಿದ್ದಾರೆ. ಮೊನ್ನೆ ಕೊನೆಗೂ ಕರಡಿನಲ್ಲಿ ಆ ಮಾತು ಸೇರಿತು. ಸಂಪರ್ಕ ಕಡಿದದ್ದು ಯಂತ್ರಕ್ಕೆ ತಕ್ಷಣ ತಿಳಿಯುವಂತಿರಬೇಕು, ಅದು ನಿಲ್ಲುವಂತಿರಬೇಕು.

ಮೇಡಂ ಈಗಿಲ್ಲ. ಹೋದ ವರ್ಷ ಊರಿನಲ್ಲಿ ತೀರಿಕೊಂಡರು. ನಾಳೆ ಆ ನಿಯಮದಿಂದಾಗಿ ಯಾವುದೋ ದೇಶದ ಕಾರ್ಖಾನೆಯಲ್ಲಿ ಯಂತ್ರವೊಂದು ಥಟ್ಟನೆ ನಿಲ್ಲುತ್ತದೆ. ಅದರೆದುರು ನಿಂತವನು ಅದಕ್ಕೆರಡು ಬೈದು ಸಂಜೆ ಮನೆಗೆ ಹೋಗುತ್ತಾನೆ. ತನ್ನನ್ನು ಉಳಿಸಿದವರು ಯಾರೆಂದು ಅವನಿಗೆ ತಿಳಿಯುವುದೇ ಇಲ್ಲ. ನನಗೆ ತಿಳಿದಿತ್ತು, ಅವರಿದ್ದಾಗಲೇ ಕೈಮುಗಿದಿದ್ದೆ... ಆದರೂ ಕರಡಿನ ಈ ಸುದ್ದಿ ಹೇಳುವುದಕ್ಕಾದರೂ ಅವರು ಇರಬೇಕಿತ್ತು.